ಬಸ್ಸಿನ ಇಸಿಎಂ, ನಮ್ಮ ಲಾರಿಗೆ

ಮೂರು ದಿನದಿಂದ ನಿಂತಿದ್ದ ಲಾರಿ ಇವತ್ತು ಸಂಜೆ ಸ್ಟಾರ್ಟ್ ಆಯ್ತು! ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಅಂದರೆ ಇಸಿಎಂ ಒಳಗೆ ಮಳೆ ನೀರು ಹೋಗಿತ್ತು. ಅದಕ್ಕೆ ವೈರು ಸಿಕ್ಕಿಸುವ ಕಪ್ಲರ್ ಬಿಚ್ಚಿದರೆ ಪಿನ್ನುಗಳ ಮೇಲೆಲ್ಲ ಹಸಿರು ಕಿಲುಬು. ಹೊಸದು ಹಾಕಿಸುವಷ್ಟು ದುಡ್ಡು ಈಗಿಲ್ಲ. ಗುಜರಿಯಲ್ಲಿ ಅದೇ ಇಂಜಿನ್ನಿನ, ಬಿಎಸ್-4 ಹೊಗೆ ನಿಯಮದ ಬಸ್ಸಿನದೊಂದು ಸಿಕ್ಕಿತು.

ಕಪ್ಲರ್ ಏನೋ ಸರಿಯಾಗಿ ಕೂತಿತು. ಸೆಲ್ಫ್ ಹೊಡೆದರೆ ಇಂಜಿನ್ ಸುತ್ತುತ್ತೆ, ಹತ್ತಿಕೊಳ್ಳಲ್ಲ. "ಅಣ್ಣಾ, ಇದರೊಳಗೆ ಇನ್ನೂ ಬಸ್ಸಿನ ಡೇಟಾನೇ ಇದೆ" ಅಂದ ಎಲೆಕ್ಟ್ರಿಷಿಯನ್ ಹುಡುಗ. ಲ್ಯಾಪ್‌ಟಾಪ್ ಹಾಕಿ ನಮ್ಮ ಲಾರಿಯದ್ದು ತುಂಬಿದ. ಆಮೇಲೆ ಟಾಪ್ ಕವರ್ ಬಿಚ್ಚಿ, ಇಂಜಿನ್ನಿಗೆ ಡೀಸೆಲ್ ಚಿಮ್ಮುವ ಆರೂ ಇಂಜೆಕ್ಟರ್ ತಲೆ ಒರೆಸಿ, ಟಾರ್ಚ್ ಹಿಡಿದು, ಮೇಲಿನ ಕೋಡ್ ಒಂದೊಂದಾಗಿ ಓದಿ ಹಾಕಿದ. ನೋಡೋಕೆ ಆರೂ ಒಂದೇ. ಆದರೆ ಒಂದು ಚೂರು ಜಾಸ್ತಿ ಡೀಸೆಲ್ ಚಿಮ್ಮುತ್ತೆ, ಇನ್ನೊಂದು ಕಮ್ಮಿ. ಆ ವ್ಯತ್ಯಾಸವನ್ನು ಇಸಿಎಂಗೆ ಹೇಳೋದೇ ಈ ಕೋಡ್. ಒಡಹುಟ್ಟಿದವರ ಹಾಗೇ ಅಲ್ವಾ ಅನಿಸಿತು.

ಅಪ್ಪ ಇಸಿಎಂ ಇಲ್ಲದ ಹಳೇ ಪಂಪಿನ ಲಾರಿಯ, ಡೀಸೆಲ್ ಚಿಮ್ಮುವ ಟೈಮಿಂಗನ್ನು ಸದ್ದು ಕೇಳಿಯೇ ಹಿಡಿಯುತ್ತಿದ್ದರು. ಈ ಹುಡುಗ ಸ್ಕ್ರೀನ್ ನೋಡಿ ಹಿಡಿದ. ಆದರೆ ಇಂಜಿನ್ ಹತ್ತಿದ ಕೂಡಲೇ ಅವನೂ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಸುಮ್ನೆ ಸದ್ದು ಕೇಳುತ್ತಾ ನಿಂತ.