ಹಲಗೆಯ ಜಗಲಿಗೆ ಎಣ್ಣೆ ಹಚ್ಚುವ ದಿನ

ಫೋಂಡಾದ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂಬದಿಗೆ 12 ಅಡಿ ಅಗಲ, 18 ಅಡಿ ಉದ್ದದ ಮರದ ಡೆಕ್ ಇದೆ. ಕಟ್ಟಿಕೊಟ್ಟವರು ಅದನ್ನು ಡೆಕ್ ಎಂದರು. ಕುಮಟಾದಿಂದ ಬಂದು ಗೋವಾದಲ್ಲಿ ನೆಲೆಸಿದ ನಮಗೆ ಅದು ಮೊದಲ ದಿನದಿಂದಲೂ ಹಲಗೆಯ ಜಗಲಿ. ಮೇಲೆ ಸಾಗವಾನಿ ಹಲಗೆಗಳು, ಅಡಿಯಲ್ಲಿ ಮತ್ತಿಯ ತೊಲೆಗಳು. ಎರಡು ವರ್ಷದ ಹಿಂದೆ ಅಕ್ಟೋಬರ್ ಮೊದಲ ವಾರದಲ್ಲಿ ನಾಲ್ಕು ದಿನ ಒಳ್ಳೆಯ ಬಿಸಿಲು ಬಿದ್ದಾಗ, ಮಳೆ ಮುಗಿಯಿತೆಂದು ನಂಬಿ, ಒಬ್ಬ ಗುತ್ತಿಗೆದಾರರಿಂದ ಅದಕ್ಕೆ ಎರಡು ಕೈ ವಾರ್ನಿಶ್ ಹಚ್ಚಿಸಿದೆ. ದೀಪಾವಳಿಗೆ ಜಗಲಿ ಹೊಳೆಯುತ್ತಿತ್ತು. ಮುಂದಿನ ಜುಲೈ ಹೊತ್ತಿಗೆ ಅದೇ ವಾರ್ನಿಶ್ ಬೆಳ್ಳಗೆ ಉಬ್ಬಿ, ಹಪ್ಪಳದಂತೆ ಎದ್ದು, ಅದರ ಕೆಳಗೆ ಕಪ್ಪು ಬೂಸ್ಟು ಹರಡಿತ್ತು.

ಅದನ್ನು ಕೆರೆದು ತೆಗೆಯಲು ಬಂದ ಹೊನ್ನಾವರದ ಆಚಾರಿಯವರು ಮೊದಲು ಮಾಡಿದ ಕೆಲಸ, ಒಂದು ಹಲಗೆಯ ಸ್ಕ್ರೂಗಳನ್ನು ಬಿಚ್ಚಿ ಅದನ್ನು ಮಗುಚಿ ಹಾಕಿದ್ದು. "ಮೇಲೆ ಮುಟ್ಟಿದ್ದು ಸಾಕು ಸರ್, ಈಗ ಅಡಿ ಮುಟ್ಟಿ ನೋಡಿ" ಎಂದರು. ಮೇಲ್ಮೈ ಬೆಚ್ಚಗೆ ಒಣಗಿತ್ತು. ಅಡಿಭಾಗ ಮಣ್ಣಿನ ಹೂಜಿಯ ಹೊರಮೈಯಂತೆ ತಣ್ಣಗಿತ್ತು. ಮಳೆಗಾಲದ ನಂತರ ಮರಕ್ಕೆ ಬಣ್ಣ ಅಥವಾ ಎಣ್ಣೆ ಹಚ್ಚುವವರೆಲ್ಲ ತಿಳಿದಿರಲೇಬೇಕಾದ ಸಂಗತಿ ಇದೇ ಎಂದು ನಾನು ಈಗ ದೃಢವಾಗಿ ನಂಬಿದ್ದೇನೆ: ನಾವು ನೋಡಬೇಕಾದದ್ದು ಆಕಾಶವನ್ನಲ್ಲ, ಹಲಗೆಯ ಅಡಿಯನ್ನು.

ಮರ ಸತ್ತ ಮೇಲೂ ಗಾಳಿಯಿಂದ ನೀರನ್ನು ತೆಗೆದುಕೊಳ್ಳುತ್ತಲೂ ಬಿಡುತ್ತಲೂ ಇರುತ್ತದೆ. ಗಾಳಿಯ ತೇವ ಶೇ 65ರಷ್ಟಿದ್ದಾಗ ಅದು ತನ್ನ ಒಣತೂಕದ ಸುಮಾರು ಶೇ 12ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯ ತೇವ ಶೇ 90ಕ್ಕೆ ಏರಿದರೆ ಆ ಪ್ರಮಾಣ ಶೇ 20ರ ಸಮೀಪಕ್ಕೆ ಬರುತ್ತದೆ. ಅಂದರೆ ಕೊಂಕಣದ ಆಷಾಢ–ಶ್ರಾವಣದಲ್ಲಿ ಒಂದು ಹನಿ ಮಳೆಯೂ ತಾಗದ, ಮಾಡಿನ ಅಡಿಯಲ್ಲೇ ಇರುವ ಹಲಗೆ ಕೂಡ ಎಣ್ಣೆ ಹಚ್ಚಲು ತಕ್ಕದ್ದಲ್ಲ. ನನ್ನ ಜಗಲಿಯಲ್ಲಿ ನಡೆದದ್ದು ಇಷ್ಟೇ. ಒಳಗೆ ನೀರು ಉಳಿದಿದ್ದ ಹಲಗೆಯ ಮೇಲೆ ವಾರ್ನಿಶ್ ಒಂದು ಬಿಗಿಯಾದ ಪೊರೆಯಾಗಿ ಕೂತಿತು. ಬಿಸಿಲಿಗೆ ಕಾದ ಹಲಗೆಯಿಂದ ಮೇಲೇರಿದ ಆವಿಗೆ ದಾರಿ ಸಿಗದೆ ಅದು ಪೊರೆಯನ್ನೇ ಎತ್ತಿತು. ಎದ್ದ ಕಡೆ ಸೀಳಿದ ಬಿರುಕಿನಿಂದ ಮುಂದಿನ ಮಳೆಯ ನೀರು ಒಳಹೊಕ್ಕಿತು.

ಆಮೇಲೆ ನಾನು ಎರಡು ಮುಳ್ಳುಗಳ, ಮರದ ತೇವ ಅಳೆಯುವ ಮೀಟರ್ ಕೊಂಡೆ. ಮುಳ್ಳುಗಳ ನಡುವೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರ ಮೇಲೆ ಅದು ತೇವವನ್ನು ತೋರಿಸುತ್ತದೆ. ಕಳೆದ ವರ್ಷ ಅಕ್ಟೋಬರ್ 20ರಂದು ಹಲಗೆಯ ಮೇಲ್ಭಾಗ 14 ತೋರಿಸಿದರೆ ಅಡಿಭಾಗ 21 ತೋರಿಸಿತು. ಅಡಿಯೂ 15ಕ್ಕಿಂತ ಕೆಳಗಿಳಿಯಲು ನವೆಂಬರ್ ಮೂರನೆಯ ವಾರ ಬೇಕಾಯಿತು. ಮೀಟರ್ ಇಲ್ಲದವರು ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ರಾತ್ರಿಯಿಡೀ ಹಲಗೆಗೆ ಅಂಟಿಸಿಟ್ಟು, ಬೆಳಿಗ್ಗೆ ಅದರ ಒಳಮೈಯಲ್ಲಿ ಬೆವರು ಕಟ್ಟಿದೆಯೇ ಎಂದು ನೋಡಬಹುದು. ಬೆವರು ಕಂಡರೆ ಕಾಯಬೇಕು. ಕಾಣದಿದ್ದರೆ ಕೈಯಿಂದ ನಾಲ್ಕು ಹನಿ ನೀರು ಚಿಮುಕಿಸಿ ನೋಡಬೇಕು. ಹಲಗೆ ಅದನ್ನು ಕೆಲವು ನಿಮಿಷಗಳಲ್ಲಿ ಹೀರಿಕೊಂಡರೆ ಎಣ್ಣೆಯನ್ನೂ ಹೀರುತ್ತದೆ, ಹನಿ ಮುತ್ತಿನಂತೆ ನಿಂತರೆ ಹಳೆಯ ಲೇಪ ಇನ್ನೂ ಉಳಿದಿದೆ ಎಂದರ್ಥ. ಅಂಥ ಕಡೆ 80ನೇ ನಂಬರಿನ ಉಪ್ಪುಕಾಗದದಿಂದ ಇನ್ನೊಮ್ಮೆ ಉಜ್ಜಬೇಕಾಗುತ್ತದೆ.

ಇನ್ನು ಏನು ಹಚ್ಚಬೇಕು ಎಂಬ ಪ್ರಶ್ನೆ. ಕರಾವಳಿಯ ತೆರೆದ ಜಗಲಿಗೆ ಪೊರೆ ಕಟ್ಟುವ ವಾರ್ನಿಶ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಮರದೊಳಗೆ ಇಳಿಯುವ, ಎಣ್ಣೆಯ ಮೂಲದ ಸ್ಟೇನ್ ಸವೆದು ಮಾಸುತ್ತದೆಯೇ ಹೊರತು ಸಿಪ್ಪೆ ಏಳುವುದಿಲ್ಲ; ಮತ್ತೆ ಹಚ್ಚುವಾಗ ಎಲ್ಲವನ್ನೂ ಕೆರೆಯಬೇಕಾಗಿಯೂ ಇಲ್ಲ. ಸ್ವಲ್ಪ ಬಣ್ಣ ಬೆರೆತ ಸ್ಟೇನ್ ಇನ್ನೂ ಮೇಲು, ಏಕೆಂದರೆ ಮರವನ್ನು ಬೂದಿ ಬಣ್ಣಕ್ಕೆ ತಿರುಗಿಸುವ ಅತಿನೇರಳೆ ಕಿರಣಗಳನ್ನು ಆ ಬಣ್ಣದ ಕಣಗಳೇ ತಡೆಯುತ್ತವೆ. ನಮ್ಮ ಊರಿನ ಕಡೆ ದೋಣಿಗಳಿಗೂ ಕೊಟ್ಟಿಗೆಯ ಕಂಬಗಳಿಗೂ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಹುಳ ಮತ್ತು ನೀರು ಎರಡನ್ನೂ ಅದು ತಡೆಯುತ್ತದೆ, ನಿಜ; ಆದರೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಮಕ್ಕಳು ಬರಿಗಾಲಲ್ಲಿ ಆಡುವ ಮೇಲ್ಮೈಗೆ ಅದನ್ನು ನಾನು ಬಳಸಲಿಲ್ಲ.

ಡಿಸೆಂಬರ್ ಒಣ ತಿಂಗಳು ಎಂದು ಇಡೀ ದಿನ ಹಚ್ಚುತ್ತ ಕೂರುವಂತಿಲ್ಲ, ಆಗ ಇಬ್ಬನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಬ್ಬನಿ ಕಟ್ಟುವ ಉಷ್ಣತೆಗಿಂತ ಹಲಗೆಯ ಮೈ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿರಬೇಕೆಂಬುದು ಬಣ್ಣದ ಕೆಲಸದಲ್ಲಿ ಎಲ್ಲೆಡೆ ಒಪ್ಪಿದ ನಿಯಮ. ಆದ್ದರಿಂದ ನಾನು ಬೆಳಿಗ್ಗೆ ಹತ್ತಕ್ಕೆ ಮೊದಲು ಡಬ್ಬಿ ತೆರೆಯುವುದಿಲ್ಲ, ಮಧ್ಯಾಹ್ನ ಮೂರರ ನಂತರ ಹೊಸ ಹಲಗೆ ಹಿಡಿಯುವುದಿಲ್ಲ. ನಡುಹಗಲಿನ ಬಿಸಿಲು ನೇರ ಬೀಳುವ ಹಲಗೆಯನ್ನೂ ಮುಟ್ಟುವುದಿಲ್ಲ. ಕಾದ ಮರದ ಮೇಲೆ ಎಣ್ಣೆ ಇಳಿಯುವ ಮೊದಲೇ ಒಣಗಿ ಕಲೆ ಉಳಿಯುತ್ತದೆ. ಹಲಸಿನ ಮರದ ನೆರಳು ಸರಿದಂತೆ ಅದರ ಹಿಂದೆಯೇ ಸರಿಯುತ್ತ, ಒಮ್ಮೆಗೆ ಎರಡೇ ಹಲಗೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಹಚ್ಚಿ, ಇಪ್ಪತ್ತು ನಿಮಿಷದ ಬಳಿಕ ಮೇಲೆ ಉಳಿದ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸುತ್ತೇನೆ. ಉಳಿದ ಎಣ್ಣೆ ಒಣಗದೆ ಅಂಟಾಗಿ ಧೂಳು ಹಿಡಿಯುತ್ತದೆ. ಹಲಗೆಯ ಕೊಯ್ದ ತುದಿಗಳು ಮಾತ್ರ ಎಷ್ಟು ಕೊಟ್ಟರೂ ಕುಡಿಯುತ್ತವೆ; ಮಳೆನೀರು ಅತಿ ವೇಗವಾಗಿ ನುಗ್ಗುವುದೂ ಅಲ್ಲಿಂದಲೇ ಆದ್ದರಿಂದ ಅವುಗಳಿಗೆ ಮೂರು ಸಲ ಹಚ್ಚುತ್ತೇನೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಾವು ಅವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡುತ್ತೇವೆ.

ಅಕಾಲದ ಮಳೆ ಬಂದಾಗ ಎಲ್ಲರೂ ಓಡಿಹೋಗಿ ಪ್ಲಾಸ್ಟಿಕ್ ಹಾಸುತ್ತಾರೆ. ಹಲಗೆಗೆ ತಾಗಿಸಿ ಹಾಸಿದ ಹಾಳೆ ಒಳಗಿನ ಆವಿಯನ್ನು ಅಲ್ಲೇ ಕಟ್ಟಿಹಾಕುತ್ತದೆ. ನಾಲ್ಕು ಗಳ ನೆಟ್ಟು ಎರಡಡಿ ಎತ್ತರದಲ್ಲಿ ಇಳಿಜಾರಾಗಿ ಕಟ್ಟಿದರೆ ನೀರು ಹರಿದುಹೋಗುತ್ತದೆ, ಗಾಳಿ ಆಡುತ್ತದೆ. ಗೋವಾದ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮಣ್ಣಿನ ಗೋಡೆಗೆ ಹೆಣೆದ ತೆಂಗಿನ ಮಡಲು ಕಟ್ಟುತ್ತಿದ್ದುದು ಇದೇ ಕ್ರಮದಲ್ಲಿ. ನಮ್ಮ ಅಜ್ಜನ ಮನೆಯಲ್ಲೂ ಹಾಗೆಯೇ ಕಟ್ಟುತ್ತಿದ್ದರು. ಜುಲೈ, ಆಗಸ್ಟಿನಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಾಗ ಹಚ್ಚುವ ಆಸೆಯಾಗುತ್ತದೆ, ಹಚ್ಚಬಾರದು. ಆ ದಿನಗಳಲ್ಲಿ ಮಾಡಬೇಕಾದ ಕೆಲಸ ಬೇರೆಯೇ ಇದೆ: ಹಲಗೆಗಳ ಸಂದಿಯಲ್ಲಿ ಸಿಕ್ಕಿದ ಎಲೆಗಳನ್ನು ಕೆದಕಿ ತೆಗೆಯುವುದು, ಹೂಕುಂಡಗಳನ್ನು ಕಾಲುಮಣೆಯ ಮೇಲೆ ಎತ್ತಿಡುವುದು, ಪಾಚಿಯನ್ನು ಗಟ್ಟಿ ಕೂದಲಿನ ಬ್ರಶ್‌ನಿಂದ ಉಜ್ಜುವುದು.

ಈ ವರ್ಷ ನವೆಂಬರ್ ಕೊನೆಯ ಶನಿವಾರ ಮತ್ತು ಭಾನುವಾರ ಜಗಲಿಗೆ ಎಣ್ಣೆ ಹಚ್ಚಿದೆ. ನಲ್ಲಿಯ ಬದಿಯ ಮೂರು ಹಲಗೆಗಳು ಮಾತ್ರ ಇನ್ನೂ 18 ತೋರಿಸುತ್ತಿವೆ. ಅವುಗಳನ್ನು ಹಾಗೆಯೇ ಬಿಟ್ಟಿದ್ದೇನೆ. ನಲ್ಲಿಯ ಸೋರಿಕೆಯನ್ನು ಸರಿಪಡಿಸಿ, ಎರಡು ವಾರ ಬಿಟ್ಟು ಮತ್ತೆ ಅಳೆಯುತ್ತೇನೆ.