ಸಮೀಕ್ಷೆ ಆನ್‌ಲೈನ್‌ಗೆ ಹೋಗುವಾಗ ಒಂದು ಪಾಲು ಮನೆಗಳನ್ನು ಹಳೆಯ ದಾರಿಯಲ್ಲೇ ಬಿಡಿ

ವರ್ಷವರ್ಷವೂ ಅದೇ ಮನೆಗಳಿಗೆ ಹೋಗುವ ಸಮೀಕ್ಷೆಯಲ್ಲಿ ಎಲ್ಲರನ್ನೂ ಒಂದೇ ಸಲ ಆನ್‌ಲೈನ್‌ಗೆ ಹತ್ತಿಸಬಾರದು. ಬದುಕಿನ ತೃಪ್ತಿಗೆ ಕಳೆದ ಸುತ್ತಿನಲ್ಲಿ ಮನೆಗೆ ಬಂದ ಸಂದರ್ಶಕರ ಎದುರು 7ಕ್ಕೆ 6 ಎಂದವರು ಈ ಸಲ ಮೊಬೈಲ್‌ನಲ್ಲಿ 5 ಒತ್ತುತ್ತಾರೆ. ಕುಗ್ಗಿದ್ದು ತೃಪ್ತಿಯೋ, ಎದುರಿಗೆ ಕೂತವರ ಮುಂದಿನ ದಾಕ್ಷಿಣ್ಯವೋ? ಹೋಲಿಸಲು ಗುಂಪೇ ಇಲ್ಲದಿದ್ದರೆ ಯಾವ ಲೆಕ್ಕವೂ ಇದನ್ನು ಸರಿಯಾಗಿ ಬಿಡಿಸಿಕೊಡದು.

ಬ್ರಿಟನ್ನಿನ ‘ಅಂಡರ್‌ಸ್ಟ್ಯಾಂಡಿಂಗ್ ಸೊಸೈಟಿ’ 2009ರಲ್ಲಿ ಸುಮಾರು 40,000 ಮನೆಗಳೊಂದಿಗೆ ಶುರುವಾದ ಸಮೀಕ್ಷೆ. ಪ್ರಯೋಗಗಳಿಗೆಂದೇ ಅದು ಬೇರೆ ಒಂದಷ್ಟು ಮನೆಗಳನ್ನು ಇಟ್ಟುಕೊಂಡಿದೆ. 2012ರಲ್ಲಿ ಅವುಗಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಮೂರರಲ್ಲಿ ಎರಡು ಪಾಲಿಗೆ ಮೊದಲು ವೆಬ್ ಲಿಂಕ್ ಹೋಯಿತು, ಉತ್ತರಿಸದವರ ಬಾಗಿಲಿಗೆ ಆಮೇಲೆ ಸಂದರ್ಶಕರು ಹೋದರು. ಉಳಿದ ಪಾಲಿಗೆ ಮೊದಲಿನಂತೆ ಮುಖಾಮುಖಿ. ಹೋಲಿಕೆ ನಡೆಯಬೇಕಾದದ್ದು ಈ ಎರಡು ಗುಂಪುಗಳ ನಡುವೆ. ವೆಬ್‌ನಲ್ಲಿ ಉತ್ತರಿಸಿದವರನ್ನು ಮುಖಾಮುಖಿ ಉತ್ತರಿಸಿದವರ ಪಕ್ಕ ಇಟ್ಟು ನೋಡುವುದು ತಪ್ಪು. ವೆಬ್ ಒಪ್ಪುವವರ ವಯಸ್ಸು, ಓದು ಎಲ್ಲವೂ ಬೇರೆ.

ಹೆಚ್ಚು ಪೆಟ್ಟು ಬೀಳುವುದು ಮನೆಮಂದಿಯ ಪಟ್ಟಿಗೆ. ಸಂದರ್ಶಕರಾದರೆ ಮೂಲೆಯ ತೊಟ್ಟಿಲು ಕಂಡು ‘ಮಗು ಯಾವಾಗ ಹುಟ್ಟಿತು?’ ಎಂದು ಕೇಳುತ್ತಾರೆ. ವೆಬ್‌ನಲ್ಲಿ ಮೊದಲು ಲಾಗಿನ್ ಆದವರು ತುಂಬಿದ್ದೇ ಪಟ್ಟಿ. ಹಾಗಾಗಿ ಕಳೆದ ಸುತ್ತಿನ ಹೆಸರುಗಳನ್ನು ಒಂದೊಂದಾಗಿ ತೋರಿಸಿ ‘ಈಗಲೂ ಇಲ್ಲೇ ಇದ್ದಾರೆಯೇ?’ ಎಂದು ಕೇಳಿ. ಹೊಸದಾಗಿ ಹುಟ್ಟಿದವರು, ಬಂದು ಸೇರಿದವರ ಬಗ್ಗೆ ಬೇರೆ ಬೇರೆ ಪ್ರಶ್ನೆ ಇಡಿ. ಪ್ರತಿಯೊಬ್ಬ ವಯಸ್ಕರಿಗೂ ಸ್ವಂತ ಲಿಂಕ್ ಕೊಡಿ. ಒಬ್ಬರು ಮುಗಿಸಿದ ಕೂಡಲೇ ಇಡೀ ಮನೆ ‘ಮುಗಿದಿದೆ’ ಎಂದು ಬೀಳುವ ವ್ಯವಸ್ಥೆ ಇದ್ದರೆ, ಉಳಿದವರ ಹತ್ತಿರ ಯಾರೂ ಹೋಗುವುದಿಲ್ಲ. ಬಾಕಿ ಎಣಿಸಬೇಕಾದದ್ದು ಮನೆಗಳನ್ನಲ್ಲ, ಜನರನ್ನು.

‘ಗೊತ್ತಿಲ್ಲ’ ಎಂಬ ಆಯ್ಕೆಯೂ ಕಾಡುತ್ತದೆ. ಸಂದರ್ಶಕರು ಅದನ್ನು ಓದಿ ಹೇಳುವುದಿಲ್ಲ, ಎದುರಿನವರು ತಾವಾಗಿ ಹೇಳಿದರೆ ಮಾತ್ರ ಗುರುತು ಹಾಕುತ್ತಾರೆ. ತೆರೆಯ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟರೆ ಅದನ್ನೇ ಒತ್ತುವವರು ಹೆಚ್ಚುತ್ತಾರೆ. ಉತ್ತರಿಸದೆ ‘ಮುಂದೆ’ ಒತ್ತಿದಾಗಷ್ಟೇ ಅದು ಕಾಣಲಿ. 7 ಆಯ್ಕೆಗಳೂ ಮೊಬೈಲ್‌ನಲ್ಲಿ ಉದ್ದಕ್ಕೆ, ತೆರೆ ಸರಿಸದೆ ಒಟ್ಟಿಗೆ ಕಾಣಬೇಕು. ಪದಗಳನ್ನು ಕೇಳಿಸಿ ನೆನಪು ಪರೀಕ್ಷಿಸುವ ಭಾಗವನ್ನು ಮಾತ್ರ ಮುಖಾಮುಖಿಗೇ ಉಳಿಸಿ. ಮನೆಯಲ್ಲಿ ಒಬ್ಬರೇ ಕೂತವರು ಪೆನ್ನು ಹಿಡಿದು ಬರೆದುಕೊಂಡರೆ ತಿಳಿಯುವುದಿಲ್ಲ.

ಸಂದರ್ಶಕರು ಮನೆಭೇಟಿ ಶುರುಮಾಡಿದ ಮೇಲೂ ಲಿಂಕ್ ತೆರೆದಿರಲಿ, ಆದರೆ ಅವರ ಪಟ್ಟಿ ರಾತ್ರಿಯೇ ನವೀಕರಣಗೊಳ್ಳಬೇಕು. ನಿನ್ನೆ ಮುಗಿಸಿದವರ ಬಾಗಿಲನ್ನು ಇವತ್ತು ತಟ್ಟಿದರೆ ಮುಂದಿನ ಸುತ್ತಿಗೆ ಅವರು ಸಿಗುವುದು ಕಷ್ಟ. ಯಾರು ಯಾವ ದಾರಿಯಲ್ಲಿ ಉತ್ತರಿಸಿದರು ಎಂಬುದು ಪ್ರತಿ ವ್ಯಕ್ತಿಗೆ, ಪ್ರತಿ ಸುತ್ತಿಗೆ ದತ್ತಾಂಶದಲ್ಲೇ ದಾಖಲಾಗಲಿ; ಅರ್ಧ ವೆಬ್‌ನಲ್ಲಿ, ಉಳಿದರ್ಧ ಸಂದರ್ಶಕರ ಜತೆ ಮುಗಿಸಿದವರಿಗೆ ಬೇರೆಯೇ ಸಂಕೇತ ಬೇಕು.