ಟಾಲ್‌ಸ್ಟಾಯ್ ಪಟ್ಟಿಯಲ್ಲಿ ಆಲಿಬಾಬಾ

ಈ ವಾರ ಬಾಗಲಕೋಟೆ ನವನಗರದ ಪುಸ್ತಕದಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಮಾತು ಇನ್ನೂ ಕಾಡುತ್ತಿದೆ. "ಅದೇನ್ ಕಳ್ಳರ ಕಥಿ ಹಿಡ್ಕೊಂಡು ನಿಂತೀಯೋ? ಅಲ್ಲೇ ಇಡು. ಓದೂದಾದ್ರ ಟಾಲ್‌ಸ್ಟಾಯ್ ಓದು." ಹುಡುಗನ ಕೈಯಲ್ಲಿದ್ದದ್ದು ಆಲಿಬಾಬಾ. "ಅರ್ಧಾ ಓದೇನಪ್ಪಾ" ಅಂದ. ಪುಸ್ತಕ ಮರಳಿ ಕಪಾಟು ಸೇರಿತು. ಮಗನನ್ನು ಪುಸ್ತಕದಂಗಡಿಗೆ ಕರೆತರುವ ತಂದೆಯ ಮೇಲೆ ಗೌರವವಿದೆ. ಆದರೆ ಯಾರ ಹೆಸರು ಹೇಳಿ ಅದನ್ನು ಕಸಿದರೋ, ಆ ಮನುಷ್ಯನೇ ಆ ಕಥೆಯನ್ನು ಮೆಚ್ಚಿ ಬರೆದಿಟ್ಟಿದ್ದಾನೆ.

1891ರ ಅಕ್ಟೋಬರಿನಲ್ಲಿ ಲೆಡರ್ಲೆ ಎಂಬ ಪ್ರಕಾಶಕನಿಗೆ ಬರೆದ ಪತ್ರದಲ್ಲಿ 63 ವರ್ಷದ ರಷ್ಯನ್ ಕಾದಂಬರಿಕಾರ ಟಾಲ್‌ಸ್ಟಾಯ್ ತನ್ನ ಮನಸ್ಸನ್ನು ತಟ್ಟಿದ ಪುಸ್ತಕಗಳನ್ನು ಪಟ್ಟಿ ಮಾಡಿದ. ವಯಸ್ಸನ್ನು ಐದು ಪಾಲು ಮಾಡಿದ: 14ರವರೆಗೆ, ಆಮೇಲೆ 20, 35, 50, 63ರವರೆಗೆ. ಪ್ರತಿ ಪುಸ್ತಕದ ಮುಂದೆ ಅದರ ಪರಿಣಾಮ: ಅಗಾಧ, ಬಹಳ ದೊಡ್ಡದು, ದೊಡ್ಡದು. ಮೊದಲ ಪಾಲಿನಲ್ಲೇ ಆಲಿಬಾಬಾ ಇದ್ದಾನೆ, "ದೊಡ್ಡದು" ಎಂಬ ಗುರುತಿನೊಂದಿಗೆ. ಬೈಬಲ್ಲಿನ ಜೋಸೆಫನ ಕಥೆ, ಜನಪದ ಕಥೆಗಳು, ಬಿಲೀನಾ ಎಂಬ ವೀರಗೀತೆಗಳು ಅಗಾಧ. ನಮ್ಮ ಹಲಗಲಿ ಬೇಡರ ಲಾವಣಿಯಂತೆ ಬಾಯಿಂದ ಬಾಯಿಗೆ ಬಂದ ಹಾಡುಗಳವು. ನಡುವಯಸ್ಸಿನ ಪಾಲಿನಲ್ಲಿ ಬಿಲೀನಾ ಮತ್ತೊಮ್ಮೆ ಬರುತ್ತದೆ, ಈ ಸಲ "ಬಹಳ ದೊಡ್ಡದು" ಎಂದು. ಗ್ರೀಕ್ ಮಹಾಕವಿ ಹೋಮರನೂ ಎರಡು ಸಲ ಬರುತ್ತಾನೆ. ರಷ್ಯನ್ ಅನುವಾದದಲ್ಲಿ ಓದಿದಾಗ "ದೊಡ್ಡದು". ನಲವತ್ತು ದಾಟಿದ ಮೇಲೆ ಗ್ರೀಕ್ ಕಲಿತು ಮೂಲವನ್ನೇ ಓದಿದಾಗ "ಬಹಳ ದೊಡ್ಡದು".

35ರಿಂದ 50 ಎಂದರೆ 'ಯುದ್ಧ ಮತ್ತು ಶಾಂತಿ', 'ಅನ್ನಾ ಕರೆನಿನಾ' ಎರಡನ್ನೂ ಬರೆದ ಕಾಲ. ಆ ಪಾಲಿನಲ್ಲಿ ಹ್ಯೂಗೋನ 'ಲೆ ಮಿಸರಾಬ್ಲ್' ಜೊತೆ ಇಂಗ್ಲಿಷ್ ಲೇಖಕಿ ಮಿಸೆಸ್ ಹೆನ್ರಿ ವುಡ್ ಬರೆದ ಜನಪ್ರಿಯ ಕಾದಂಬರಿಗಳೂ ಇವೆ. ಅವನ್ನು ಮುಚ್ಚಿಡಬೇಕು ಎಂದು ಅವನಿಗೆ ಅನಿಸಲಿಲ್ಲ. ಶೇಕ್ಸ್‌ಪಿಯರ್ ಪಟ್ಟಿಯಲ್ಲೇ ಇಲ್ಲ. ಯಾಕೆ ಹಿಡಿಸಲಿಲ್ಲ ಎಂದು ಮುಂದೆ ಒಂದು ದೀರ್ಘ ಪ್ರಬಂಧವನ್ನೇ ಬರೆದ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ, ಹೇಳುವ ಧೈರ್ಯ ಮಾತ್ರ ಇಷ್ಟ.

ಮನೆಯಲ್ಲಿ ಮಕ್ಕಳ ಓದಿನ ವಹಿ ಇಡುವವರು ಇದೇ ಕ್ರಮ ಹಿಡಿಯಬಹುದು. ಪುಸ್ತಕದ ಹೆಸರು, ಓದಿದ ವಯಸ್ಸು, ಯಾವ ಭಾಷೆಯಲ್ಲಿ ಓದಿದ್ದು, ಮೂರರಲ್ಲಿ ಒಂದು ಗುರುತು. ಮತ್ತೆ ಓದಿದರೆ ಹೊಸ ಸಾಲು. ಹಳೆಯ ಗುರುತು ತಿದ್ದಬಾರದು. ಓದಿದ ವಾರದಲ್ಲೇ ಬರೆಯಬೇಕು. ವರ್ಷದ ಕೊನೆಗೆ ಒಟ್ಟಿಗೆ ಬರೆಯಲು ಕೂತರೆ ಹಿರಿಯರು ಹೊಗಳಿದ ಹೆಸರುಗಳೇ ತುಂಬಿಕೊಳ್ಳುತ್ತವೆ, ಹುಡುಗನಿಗೆ ನಿಜವಾಗಿ ಹಿಡಿಸಿದ್ದು ಬಿಟ್ಟುಹೋಗುತ್ತದೆ.

"ಓದೂದಾದ್ರ ಟಾಲ್‌ಸ್ಟಾಯ್ ಓದು." ಓದಲಿ, ಆದರೆ ಯಾವುದನ್ನು? 1872ರಲ್ಲಿ ಅವನು ಮಕ್ಕಳಿಗೆಂದೇ 'ಅಜ್ಬುಕಾ' ಎಂಬ ಪಾಠಪುಸ್ತಕ ಮಾಡಿದ. ಈಸೋಪನ ನೀತಿಕಥೆಗಳೂ ಭಾರತದ ಕಥೆಗಳೂ ಅದರಲ್ಲಿವೆ. 'ಕಕೇಶಿಯಾದ ಕೈದಿ' ಎಂಬ ಕಥೆ ಇರುವುದೂ ಅದರಲ್ಲೇ. ಸೆರೆ ಸಿಕ್ಕ ಝಿಲಿನ್ ಮೊದಲ ಸಲ ಓಡಿದಾಗ ಜೊತೆಗಾರ ನಡೆಯಲಾರದೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಎರಡನೇ ಸಲ ದೀನಾ ಎಂಬ ಹುಡುಗಿ, ಅವನನ್ನು ಕೂಡಿಹಾಕಿದ್ದ ಗುಂಡಿಗೆ ಹತ್ತಿ ಬರಲೆಂದು ಕೋಲು ಇಳಿಸುತ್ತಾಳೆ. ಹತ್ತು ವರ್ಷದ ಹುಡುಗನಿಗೆ ಮೊದಲು ಕೊಡಬೇಕಾದ ಟಾಲ್‌ಸ್ಟಾಯ್ ಇದು.